ಹೆಸರು ಬೆಳೆಯ ಬೇರು ಕೊಳೆ ರೋಗ: ಮದ್ದು ಎಲೆಗಲ್ಲ, ಮಣ್ಣಿಗೆ

ಕಳೆದ ಮುಂಗಾರಿನಲ್ಲಿ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ನಮ್ಮ ಧರ್ಮಕೇಂದ್ರದ ಹಿರಿಯ ರೈತರೊಬ್ಬರು ಟವೆಲಿನಲ್ಲಿ ಸುತ್ತಿ ತಂದ ಹೆಸರಿನ ಗಿಡಗಳನ್ನು ನಮ್ಮ ಮುಂದೆ ಬಿಚ್ಚಿಟ್ಟರು.

“ನೋಡ್ರಿ, ಎಲಿ ಎಲ್ಲಾ ಹಳದಿ ಆಗ್ಯಾವ. ಅಂಗಡಿಯವ್ರು ಕೊಟ್ಟ ಔಷಧ ಎರಡು ಸಲ ಹೊಡದೀನಿ. ಇನ್ನ ಯಾವುದು ಹೊಡೀಲಿ?” ಎಂದು ಕೇಳಿದರು.

“ಕಾಕಾ, ಇದರ ಬೇರು ಎಲ್ಲಿ ಅದಾವ್ರಿ?” ಎಂದೆವು.

“ಬೇರು ಯಾಕ್ರಿ? ಕುಡಗೋಲಿನಿಂದ ಕೊಯ್ಕೊಂಡು ಬಂದೀನಿ.”

ಅಂದು ಮಧ್ಯಾಹ್ನವೇ ಅವರ ಹೊಲಕ್ಕೆ ಹೋದೆವು. ಹೊಲದ ತುಂಬ ಅಲ್ಲಲ್ಲಿ ಚಾಪೆ ಹಾಸಿದಷ್ಟು ಜಾಗದಲ್ಲಿ ಗಿಡಗಳು ಒಣಗಿ ನಿಂತಿದ್ದವು. ಒಂದು ಗಿಡವನ್ನು ಹಿಡಿದು ಎಳೆದಾಗ ಬೇರು ಪೂರ್ತಿ ಬರಲಿಲ್ಲ. ಒಣಗಿದ ಕಟ್ಟಿಗೆಯಂತೆ ಪಟ್ಟನೆ ಮುರಿದು ಅರ್ಧ ಮಣ್ಣಿನಲ್ಲಿಯೇ ಉಳಿಯಿತು. ಕೈಗೆ ಬಂದ ತುಂಡಿನ ಸಿಪ್ಪೆ ಉಗುರಿಗೆ ನಾರು ನಾರಾಗಿ ಎದ್ದುಬಂತು. ಅದರ ಒಳಮೈಗೆ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ರೋಗ ಇದ್ದದ್ದು ಅಲ್ಲಿ. ಅವರು ಎರಡು ಸಲ ಹಣ ಕೊಟ್ಟು ಹೊಡೆದ ಔಷಧವೆಲ್ಲ ಬಿದ್ದದ್ದು ಎಲೆಯ ಮೇಲೆ.

ಇಂತಹ ನಷ್ಟ ಅವರೊಬ್ಬರದೇ ಅಲ್ಲ. ಅಕ್ಕಲಕೋಟೆ, ಜತ್ತ ಹಾಗೂ ದಕ್ಷಿಣ ಸೋಲಾಪುರದ ಎರಿ ಭೂಮಿಯಲ್ಲಿ ಮಳೆಯನ್ನೇ ನಂಬಿ ಬದುಕುವ ನಮ್ಮ ಕುಟುಂಬಗಳಿಗೆ ಹೆಸರು ಅರವತ್ತು-ಎಪ್ಪತ್ತು ದಿವಸಗಳಲ್ಲಿ ಕೈಗೆ ಬರುವ ಬೆಳೆ. ಮುಂಗಾರಿನ ಮೊದಲ ದುಡ್ಡು ಅದೇ. ಹಿಂಗಾರಿ ಜೋಳದ ಬೀಜ, ಗೊಬ್ಬರ, ಕೂಲಿ ಎಲ್ಲವೂ ಹೆಚ್ಚಾಗಿ ಆ ದುಡ್ಡಿನಿಂದಲೇ ಸಾಗುತ್ತವೆ. ಹೆಸರು ಕೆಟ್ಟರೆ ಜೋಳಕ್ಕೆ ಸಾಲ ಮಾಡಬೇಕಾಗುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಹೆಸರಿನ ಬೇರಿಗೆ ಬರುವ ಶಿಲೀಂಧ್ರ ರೋಗಗಳ ಬಗ್ಗೆ ಸವಿಸ್ತಾರವಾಗಿ ಬರೆಯಲು ಇಚ್ಛಿಸಿದ್ದೇವೆ.

ಮೊದಲು ಗಿಡ ಕಿತ್ತು ನೋಡಿ

ಹೆಸರಿನ ಎಲೆ ಹಳದಿಯಾಗಲು ಕಾರಣಗಳು ಹಲವು. ಬಿಳಿ ನೊಣದಿಂದ ಹರಡುವ ಹಳದಿ ನಂಜು ರೋಗದಲ್ಲಿ ಎಲೆಯ ಮೇಲೆ ಹಸಿರು-ಹಳದಿ ಮಚ್ಚೆಗಳು ಬೆರೆತಿರುತ್ತವೆ. ಬೇರು ಮಾತ್ರ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ನೀರು ನಿಂತ ಜಾಗದಲ್ಲಿಯೂ, ಕೆಲವು ಪೋಷಕಾಂಶಗಳ ಕೊರತೆಯಿಂದಲೂ ಎಲೆ ಹಳದಿಯಾಗುತ್ತದೆ. ಎಲೆಯನ್ನಷ್ಟೇ ನೋಡಿ ಔಷಧ ಕೊಳ್ಳುವುದು, ಕೆಮ್ಮು ಕೇಳಿ ಎದೆ ನೋಡದೆ ಗುಳಿಗೆ ಕೊಟ್ಟ ಹಾಗೆ. ಹೊಲದ ನಾಲ್ಕಾರು ಕಡೆಯಿಂದ, ಪೂರ್ಣ ಒಣಗಿದ ಗಿಡವನ್ನಲ್ಲ, ಆಗತಾನೆ ಬಾಡುತ್ತಿರುವ ಗಿಡವನ್ನು ಕುರ್ಚಿಗೆಯಿಂದ ಮಣ್ಣು ಸಡಿಲಿಸಿ ಬೇರು ಸಮೇತ ಕಿತ್ತು, ತೊಳೆದು ನೋಡಬೇಕು. ಆಗ ಕೆಳಗಿನ ನಾಲ್ಕರಲ್ಲಿ ಯಾವುದೆಂದು ಗುರುತಿಸಬಹುದು.

1. ಒಣ ಬೇರು ಕೊಳೆ. ಮೇಲೆ ಹೇಳಿದ್ದು ಇದೇ. ಇದಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಮ್ಯಾಕ್ರೋಫೋಮಿನಾ ಫೆಸಿಯೋಲಿನಾ. ಮಳೆ ಕೈಕೊಟ್ಟು, ಬಿಸಿಲು ಏರಿ, ಭೂಮಿ ಒಣಗಿದಾಗ ಇದರ ಹಾವಳಿ ಹೆಚ್ಚು. ಗಿಡ ಹೂವು-ಕಾಯಿ ಹಿಡಿಯುವಾಗ ಮಳೆ ನಿಂತರೆ ಒಂದು ವಾರದಲ್ಲಿ ಹೊಲ ಒಣಗಿದಂತೆ ಕಾಣುತ್ತದೆ. ಬೇರು ಪೆಡಸಾಗಿ ಮುರಿಯುವುದು, ಸಿಪ್ಪೆ ನಾರಾಗುವುದು, ಒಳಗೆ ಕಪ್ಪು ಚುಕ್ಕೆ ಕಾಣುವುದು ಇದರ ಗುರುತು.

2. ಹಸಿ ಬೇರು ಕೊಳೆ. ರೈಜೋಕ್ಟೋನಿಯಾ ಸೊಲಾನಿ ಎಂಬ ಶಿಲೀಂಧ್ರದಿಂದ ಬರುತ್ತದೆ. ಬಿತ್ತಿದ ಮೇಲೆ ಮಳೆ ಬಿಡದೆ ಹಿಡಿದಾಗ ಎಳೆಯ ಸಸಿಗಳ ಬುಡದಲ್ಲಿ ಕೆಂಪು-ಕಂದು ಬಣ್ಣದ ತಗ್ಗಾದ ಗಾಯ ಕಾಣುತ್ತದೆ. ಬೇರು ಮೆತ್ತಗಾಗಿ ಸಸಿ ಬೀಳುತ್ತದೆ. ಎಷ್ಟೋ ಬೀಜ ಮೊಳಕೆ ಮೇಲೆ ಬರುವ ಮೊದಲೇ ಮಣ್ಣಿನಲ್ಲಿ ಕೊಳೆಯುತ್ತದೆ. ನಾವು “ಬೀಜ ಹುಸಿ ಹೋಯಿತು” ಎಂದು ಬೀಜವನ್ನೇ ದೂರುತ್ತೇವೆ.

3. ಬುಡ ಕೊಳೆ. ಸ್ಕ್ಲೆರೋಷಿಯಂ ರಾಲ್ಫ್ಸಿಐ ಎಂಬ ಶಿಲೀಂಧ್ರದ ಕೆಲಸ. ಮಣ್ಣಿಗೆ ತಾಗಿದ ಕಾಂಡದ ಬುಡದಲ್ಲಿ ಹತ್ತಿಯ ಎಳೆಯಂತಹ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನಂತಹ ಕಂದು ಗುಂಡುಗಳು ಇರುತ್ತವೆ. ಸರಿಯಾಗಿ ಕಳಿಯದ ಗೊಬ್ಬರ, ಹಸಿ ಕಸ ಮೇಲ್ಮಣ್ಣಿನಲ್ಲಿ ಬಿದ್ದಿದ್ದರೆ ಇದಕ್ಕೆ ಹಬ್ಬ.

4. ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಬೇರು ಹೊರಗಿನಿಂದ ಅಷ್ಟೇನೂ ಕೊಳೆತಿರುವುದಿಲ್ಲ. ಆದರೆ ಬುಡವನ್ನು ಉದ್ದಕ್ಕೆ ಸೀಳಿದರೆ ಒಳಗಿನ ನೀರಿನ ನಾಳಗಳು ಕಂದು ಗೆರೆಯಾಗಿ ಕಾಣುತ್ತವೆ. ತೊಗರಿ, ಕಡಲೆ ಬೆಳೆಯುವವರಿಗೆ ಈ ಗುರುತು ಪರಿಚಿತವೇ. ಅವುಗಳ ಸಿಡಿ ರೋಗವೂ ಇದೇ ಜಾತಿಯ ಶಿಲೀಂಧ್ರದಿಂದ ಬರುವಂಥದು.

ನಾಲ್ಕರಲ್ಲಿ ನಮ್ಮ ಕಡಿಮೆ ಮಳೆಯ ಸೀಮೆಗೆ ದೊಡ್ಡ ವೈರಿ ಮೊದಲನೆಯದೇ.

ಒಂದೇ ಶಿಲೀಂಧ್ರ, ಎರಡು ಬೆಳೆಗೆ ಪೆಟ್ಟು

ಆ ಹಿರಿಯರ ಹೊಲದ ಬದುವಿನ ಮೇಲೆ ಕುಳಿತು, “ಹೋದ ಹಿಂಗಾರಿಗೆ ಇಲ್ಲಿ ಏನು ಬಿತ್ತಿದ್ರಿ ಕಾಕಾ?” ಎಂದು ಕೇಳಿದೆವು.

“ಬಿಳಿಜೋಳರೀ. ತೆನಿ ಛಲೋ ಬಂದಿತ್ತು. ಕಾಳು ಕಟ್ಟೂ ಹೊತ್ತಿಗೆ ಕೆಳಗ ಬಿತ್ತು. ಗಾಳಿಗೆ ಬಿತ್ತು ಅಂದ್ಕೊಂಡಿವಿ.”

ಹಿಂಗಾರಿ ಜೋಳ ಕಾಳು ತುಂಬುವ ಹೊತ್ತಿಗೆ ಭೂಮಿಯ ಹಸಿ ಆರಿದಾಗ ಕಾಂಡದ ಬುಡ ಟೊಳ್ಳಾಗಿ ದಂಟು ಮುರಿದು ಬೀಳುವುದಕ್ಕೆ ಇದ್ದಿಲು ಕಾಂಡ ಕೊಳೆ ರೋಗ ಎನ್ನುತ್ತಾರೆ. ಬಿದ್ದ ದಂಟಿನ ಬುಡವನ್ನು ಸೀಳಿ ನೋಡಿದರೆ ಒಳಗಿನ ಬೆಂಡು ಕರಗಿ ಬರೀ ನಾರು ಉಳಿದು, ಆ ನಾರಿಗೆ ಇದ್ದಿಲ ಪುಡಿ ಹತ್ತಿದಂತೆ ಕಾಣುತ್ತದೆ. ಇದಕ್ಕೂ ಕಾರಣ ಅದೇ ಮ್ಯಾಕ್ರೋಫೋಮಿನಾ. ಹೆಸರಿನ ಬೇರಿನಲ್ಲಿ ಕಂಡ ಕಪ್ಪು ಚುಕ್ಕೆಯೂ ಜೋಳದ ದಂಟಿನಲ್ಲಿ ಕಂಡ ಕಪ್ಪು ಪುಡಿಯೂ ಒಂದೇ ಬಗೆಯ ವಸ್ತು. ಅದು ಈ ಶಿಲೀಂಧ್ರ ಬರಗಾಲಕ್ಕೆಂದು ತನಗಾಗಿ ಕಟ್ಟಿಕೊಂಡ ಬುತ್ತಿ. ಗಿಡ ಸತ್ತ ಮೇಲೂ ಈ ಕಪ್ಪು ಕಣಗಳು ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಹೊಸ ಬೇರು ಹತ್ತಿರ ಬಂದಾಗ ಮೊಳೆತು ಅದರೊಳಗೆ ಹೊಗುತ್ತವೆ. ರೋಗಪೀಡಿತ ಬೆಳೆಯ ಬೀಜದಲ್ಲಿಯೂ ಶಿಲೀಂಧ್ರ ಅಡಗಿ ಮುಂದಿನ ವರ್ಷಕ್ಕೆ ದಾಟುತ್ತದೆ.

ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಎಂಬ ನಮ್ಮ ಪದ್ಧತಿಯಲ್ಲಿ ತಪ್ಪಿಲ್ಲ. ಹೆಸರು ಭೂಮಿಗೆ ಸಾರಜನಕ ಸೇರಿಸುತ್ತದೆ. ಜೋಳ ಮನೆಗೆ ರೊಟ್ಟಿಯನ್ನೂ ದನಕ್ಕೆ ಕಣಿಕೆಯನ್ನೂ ಕೊಡುತ್ತದೆ. ಆದರೆ ಹೆಸರು ತೆಗೆದು ಜೋಳ ಹಾಕಿದ ಮಾತ್ರಕ್ಕೆ ಬೆಳೆ ಬದಲಾಯಿಸಿದಂತೆ, ರೋಗ ಹೋದಂತೆ ಎಂದು ತಿಳಿಯಬಾರದು. ಈ ಶಿಲೀಂಧ್ರ ಐನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಬದುಕಬಲ್ಲದು. ಸೂರ್ಯಕಾಂತಿ, ಶೇಂಗಾ, ಎಳ್ಳು, ಹತ್ತಿ, ಸೋಯಾಬೀನ್, ಕಡಲೆ, ಅಲಸಂದಿ ಎಲ್ಲವೂ ಆ ಪಟ್ಟಿಯಲ್ಲಿವೆ. ಆದುದರಿಂದ ಬೆಳೆ ಬದಲಾವಣೆಯ ಜೊತೆಗೆ ಇನ್ನೂ ನಾಲ್ಕು ಕೆಲಸ ಕೂಡಿಸಬೇಕು. ಒಂದೊಂದರಿಂದಲೂ ಅಷ್ಟಷ್ಟು ಲಾಭ. ಎಲ್ಲವೂ ಸೇರಿದರೆ ಬೆಳೆ ಉಳಿಯುತ್ತದೆ.

ಬಿತ್ತುವ ಮೊದಲು ಮಣ್ಣಿನ ಕೆಲಸ

ಬೇಸಿಗೆಯಲ್ಲಿ ಆಳವಾಗಿ ರಂಟೆ ಹೊಡೆಯಿರಿ. ಇದರಿಂದ ಬುಡ ಕೊಳೆಯ ಸಾಸಿವೆಯಂತಹ ಗುಂಡುಗಳು ಆಳಕ್ಕೆ ಹೋಗಿ ಮೊಳೆಯಲಾರದೆ ಉಳಿಯುತ್ತವೆ. ಆದರೆ ಒಣ ಬೇರು ಕೊಳೆಯ ಕಪ್ಪು ಕಣಗಳು ಬರಿಯ ಒಣ ಬಿಸಿಲಿಗೆ ಸುಲಭವಾಗಿ ಸಾಯುವುದಿಲ್ಲ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇಸಿಗೆಯಲ್ಲಿ ಸಾಸಿವೆ ಬೆಳೆಯ ಉಳಿಕೆಯನ್ನು ಮಣ್ಣಿಗೆ ಸೇರಿಸಿ ಒಂದು ಸಲ ನೀರು ಕೊಟ್ಟಾಗ ಈ ಶಿಲೀಂಧ್ರ ಬಹಳಷ್ಟು ಕಡಿಮೆಯಾದದ್ದನ್ನು ತೋರಿಸಿದ್ದಾರೆ. ಬಿಸಿ ಮತ್ತು ಹಸಿ ಕೂಡಿದಾಗ ಅದು ಸೋಲುತ್ತದೆ. ಬಾವಿಯ ನೀರು ಇದ್ದವರು, ರೋಗ ಹೆಚ್ಚಿದ್ದ ಗುಂಟೆ ಎರಡು ಗುಂಟೆಯಲ್ಲಿ ಈ ಪ್ರಯೋಗ ಮಾಡಿ ನೋಡಬಹುದು.

ನೀರಿಲ್ಲದ ನಮ್ಮಂಥವರಿಗೆ ಗೊಬ್ಬರವೇ ಗತಿ. ಎಕರೆಗೆ ಎರಡು ಟನ್ನಿನಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿದರೆ ಎರಡು ಲಾಭ. ಭೂಮಿ ಹಸಿಯನ್ನು ಹಿಡಿದಿಡುತ್ತದೆ. ರೋಗದ ಶಿಲೀಂಧ್ರವನ್ನು ತಿನ್ನುವ ಉಪಕಾರಿ ಜೀವಿಗಳು ಮಣ್ಣಿನಲ್ಲಿ ಬೆಳೆಯುತ್ತವೆ. ಹಸಿ ಗೊಬ್ಬರ ಮಾತ್ರ ಬೇಡ. ಬೇವಿನ ಹಿಂಡಿ ಸಿಕ್ಕರೆ ಎಕರೆಗೆ 60 ಕಿಲೋ ಹಾಕಬಹುದು.

ಉಪಕಾರಿ ಜೀವಿಗಳಲ್ಲಿ ಮುಖ್ಯವಾದದ್ದು ಟ್ರೈಕೋಡರ್ಮಾ. ಅದೂ ಒಂದು ಶಿಲೀಂಧ್ರವೇ, ಹಸಿರು ಬಣ್ಣದ್ದು. ಅದು ರೋಗದ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು ಅವನ್ನು ಕರಗಿಸಿ ತಿನ್ನುತ್ತದೆ. 1932ರಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ಇದನ್ನು ಮೊದಲು ತೋರಿಸಿಕೊಟ್ಟರು. ಇಂದು ಇದು ಪುಡಿಯ ರೂಪದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಅಂಗಡಿಗಳಲ್ಲಿಯೂ ಸಿಗುತ್ತದೆ. ಒಂದು ಕಿಲೋ ಪುಡಿಯನ್ನು ಒಂದು ಕ್ವಿಂಟಲ್ ಕಳಿತ ಗೊಬ್ಬರಕ್ಕೆ ಕಲಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ, ಮೂರು-ನಾಲ್ಕು ದಿವಸಕ್ಕೊಮ್ಮೆ ತಿರುವಿ ಹಾಕುತ್ತ ಹತ್ತು-ಹದಿನೈದು ದಿವಸ ಇಟ್ಟರೆ ಗೊಬ್ಬರದ ತುಂಬ ಟ್ರೈಕೋಡರ್ಮಾ ಹಬ್ಬುತ್ತದೆ. ಇದು ಒಂದು ಎಕರೆಗೆ ಸಾಕು. ಭೂಮಿ ಹಸಿ ಇದ್ದಾಗ ಹಾಕಬೇಕು. ಪುಡಿ ಕೊಳ್ಳುವಾಗ ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಿರಿ. ಬಿಸಿಲಿನಲ್ಲಿ ಇಟ್ಟ ಪೊಟ್ಟಣ ಕೊಳ್ಳಬೇಡಿ. ಅದು ಜೀವಂತ ವಸ್ತು. ಸತ್ತ ಪುಡಿಯಿಂದ ಏನೂ ಆಗದು.

ಬೀಜೋಪಚಾರ: ಅರ್ಧ ತಾಸಿನ ಕೆಲಸ

ರೋಗ ಬಂದ ಹೊಲದ ಕಾಳನ್ನು ಬೀಜಕ್ಕೆ ಇಡಬೇಡಿ. ಗಿಡಗಳು ಸೊಂಪಾಗಿದ್ದ ಕಡೆಯ ಕಾಯಿಯನ್ನು ಬೇರೆ ಬಿಡಿಸಿ ಬೀಜಕ್ಕೆ ಇಡಿ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಎಪ್ಪತ್ತೈದಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಎಕರೆಗೆ ಸುಮಾರು 6 ಕಿಲೋ ಬೀಜ ಬೇಕಾಗುತ್ತದೆ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ, ಎಂದರೆ ಎಕರೆಗೆ 24 ಗ್ರಾಂ ಪುಡಿ ಸಾಕು. ಬೀಜದ ಮೇಲೆ ತೆಳುವಾಗಿ ಬೆಲ್ಲದ ನೀರು ಚಿಮುಕಿಸಿ ಪುಡಿ ಹತ್ತುವಂತೆ ಹಗುರವಾಗಿ ಹೊರಳಿಸಿ. ಕಡೆಗೆ ರೈಜೋಬಿಯಂ ಜೀವಾಣು ಗೊಬ್ಬರವನ್ನು ಹತ್ತು ಕಿಲೋ ಬೀಜಕ್ಕೆ 250 ಗ್ರಾಂ ಪ್ರಮಾಣದಲ್ಲಿ ಹಚ್ಚಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿರಿ.

ಹೋದ ವರ್ಷ ರೋಗ ಬಹಳವಾಗಿದ್ದು ಬೀಜದ ಮೇಲೂ ಸಂಶಯವಿದ್ದರೆ ಥೈರಾಮ್ ಅಥವಾ ಕಾರ್ಬಾಕ್ಸಿನ್-ಥೈರಾಮ್ ಮಿಶ್ರಣದಂತಹ ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡುವುದುಂಟು. ಯಾವುದಕ್ಕೆ ಈಗ ಅನುಮತಿ ಇದೆಯೆಂದು ತಾಲೂಕಿನ ಕೃಷಿ ಅಧಿಕಾರಿಯವರನ್ನು ಕೇಳಿಕೊಂಡು, ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನೇ ಬಳಸಿರಿ. ಒಂದು ಮಾತು ನೆನಪಿಡಿ: ರಾಸಾಯನಿಕ ಪುಡಿಯನ್ನೂ ಟ್ರೈಕೋಡರ್ಮಾವನ್ನೂ ಒಂದೇ ಬೀಜಕ್ಕೆ ಹಚ್ಚಬಾರದು. ಶಿಲೀಂಧ್ರವನ್ನು ಕೊಲ್ಲುವ ಔಷಧ ಉಪಕಾರಿ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಬೀಜಕ್ಕೆ ರಾಸಾಯನಿಕ ಹಚ್ಚಿದರೆ ಟ್ರೈಕೋಡರ್ಮಾ ಗೊಬ್ಬರದ ಮೂಲಕ ಮಣ್ಣಿಗೆ ಹೋಗಲಿ.

ಮನೆಯವರ ಆರೋಗ್ಯ

ಇದು ಕೃಷಿಯಷ್ಟೇ ಆರೋಗ್ಯದ ಅಂಕಣವೂ ಹೌದು. ಬೀಜಕ್ಕೆ ಔಷಧ ಹಚ್ಚುವ ಕೆಲಸ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಅದೂ ಪಡಸಾಲೆಯಲ್ಲಿ, ಹಿಟ್ಟು ನಾದುವ ಪರಾತದಲ್ಲಿ. ಇದು ತಕ್ಷಣ ನಿಲ್ಲಬೇಕು. ಒಂದು ಹಳೆಯ ಬುಟ್ಟಿಯನ್ನೋ ಡಬ್ಬವನ್ನೋ ಇದಕ್ಕೆಂದೇ ತೆಗೆದಿಡಿ. ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ, ಕೈಗೆ ಚೀಲ ಅಥವಾ ಕೈಗವಸು ಹಾಕಿಕೊಂಡು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿರಿ. ಗರ್ಭಿಣಿಯರು, ಮಕ್ಕಳು ಹತ್ತಿರ ಬರಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯದೆ ನೀರನ್ನೂ ಕುಡಿಯಬಾರದು, ಎಲೆ ಅಡಿಕೆಯನ್ನೂ ಹಾಕಬಾರದು.

ಉಪಚರಿಸಿದ ಬೀಜ ಉಳಿದರೆ ಅದನ್ನು ತೊಳೆದು ಬೇಳೆ ಮಾಡಬಹುದೆಂಬ ಆಸೆ ಬೇಡ. ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಕೋಳಿಗೂ ಹಾಕಬೇಡಿ, ದನಕ್ಕೂ ಬೇಡ. ಬೇಕಾದಷ್ಟೇ ಬೀಜಕ್ಕೆ ಹಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಖಾಲಿ ಪೊಟ್ಟಣದಲ್ಲಿ ಉಪ್ಪು, ಖಾರ ಇಡಬಾರದು.

ಥೈರಾಮ್ ಕೈಯಾಡಿಸಿದವರು ಸಾರಾಯಿಯಿಂದ ದೂರವಿರಬೇಕು. ಈ ರಾಸಾಯನಿಕ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧದ ಹತ್ತಿರದ ಸಂಬಂಧಿ. ಅದು ದೇಹ ಸೇರಿದಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಬಡಿತ ಹೆಚ್ಚಿ, ವಾಂತಿಯಾಗುತ್ತದೆ.

ಪೊಟ್ಟಣದ ಮೇಲಿನ ತ್ರಿಕೋನದ ಬಣ್ಣ ನೋಡಿರಿ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಕ್ರಮವಾಗಿ ಕಡಿಮೆ. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ. ನಮ್ಮಲ್ಲಿ ಹಿರಿಯರಿಗೆ ಓದಲು ಬರುವುದು ಕನ್ನಡ, ಅಂಗಡಿಯ ಪೊಟ್ಟಣದ ಮೇಲಿರುವುದು ಮರಾಠಿ, ಹಿಂದಿ, ಇಂಗ್ಲಿಷಿನ ಸಣ್ಣ ಅಕ್ಷರ. ಶಾಲೆಗೆ ಹೋಗುವ ಮಕ್ಕಳಿಂದ ದೂರದಿಂದಲೇ ಓದಿಸಿ ಕೇಳಿ, ಪ್ರಮಾಣವನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆದಿಡಿ. ಯಾರಾದರೂ ಅಪ್ಪಿತಪ್ಪಿ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣವನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಳೆ ನಿಂತಾಗ ಮತ್ತು ರಾಶಿಯಾದ ಮೇಲೆ

ಮೃಗಶಿರಾ, ಆರಿದ್ರಾ ಮಳೆಗೆ ಭೂಮಿ ಚೆನ್ನಾಗಿ ಹಸಿಯಾದಾಗ ಬಿತ್ತಿದರೆ ಬೇರು ಆಳಕ್ಕೆ ಇಳಿಯುತ್ತದೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇರಲಿ. ಒತ್ತೊತ್ತಾಗಿ ಬಿತ್ತಿದರೆ ಗಿಡಗಳು ಹಸಿಗೆ ಜಗಳವಾಡುತ್ತವೆ. ಬಾಯಾರಿದ ಗಿಡವನ್ನೇ ಒಣ ಬೇರು ಕೊಳೆ ಹುಡುಕಿ ಹಿಡಿಯುತ್ತದೆ. ಮಳೆ ತಡೆದಾಗ ಎಡೆ ಹೊಡೆಯುವುದನ್ನು ಬಿಡಬೇಡಿ. ಎರಿ ಭೂಮಿಯ ಬಿರುಕು ಮುಚ್ಚಿದಷ್ಟೂ ಹಸಿ ಉಳಿಯುತ್ತದೆ, ಕಸವೂ ಹೋಗುತ್ತದೆ. ನೀರು ನಿಲ್ಲುವ ತಗ್ಗಿದ್ದರೆ ಹರಿ ತೆಗೆದು ಹೊರಹಾಕಿರಿ.

ಕೊಳೆತ ಬೇರಿಗೆ ಮತ್ತೆ ಜೀವ ಕೊಡುವ ಔಷಧ ಇಲ್ಲ. ಒಂದೆರಡು ಕಡೆ ಮಾತ್ರ ರೋಗ ಕಂಡಿದ್ದರೆ ಆ ಗಿಡಗಳನ್ನು ಬೇರು ಸಮೇತ ಕಿತ್ತು ಹೊಲದಾಚೆ ಸುಟ್ಟುಬಿಡಿ, ತಿಪ್ಪೆಗೆ ಎಸೆಯಬೇಡಿ. ಸುತ್ತಲಿನ ಗಿಡಗಳ ಬುಡಕ್ಕೆ ಟ್ರೈಕೋಡರ್ಮಾ ಕಲಸಿದ ಗೊಬ್ಬರ ಕೊಡಿರಿ. ಇಡೀ ಹೊಲಕ್ಕೆ ಔಷಧ ಹೊಡೆಸಲು ಸಾಲ ಮಾಡಬೇಡಿ.

ಕಾಯಿ ಬಿಡಿಸಿದ ಮೇಲೆ ಚೆನ್ನಾಗಿದ್ದ ಗಿಡಗಳನ್ನು ಮಣ್ಣಿಗೆ ಸೇರಿಸಿದರೆ ಒಳ್ಳೆಯ ಗೊಬ್ಬರ. ರೋಗ ಇದ್ದ ಜಾಗದ ಗಿಡಗಳನ್ನು ಮಾತ್ರ ಕಿತ್ತು ತೆಗೆಯಲೇಬೇಕು. ಮುಂದೆ ಅಲ್ಲಿಯೇ ಜೋಳ ಬರುವುದಿದೆ. ಜೋಳವನ್ನು 45 ಸೆಂ.ಮೀ. ಸಾಲಿನಲ್ಲಿ, 15 ಸೆಂ.ಮೀ. ಅಂತರಕ್ಕೆ ಗಿಡ ತೆಳುಗೊಳಿಸಿ ಬೆಳೆಸಿರಿ. ಯೂರಿಯಾ ಹೆಚ್ಚು ಹಾಕಿ ದಂಟು ಸೊಕ್ಕಿಸಿದರೆ ಕಾಳು ಕಟ್ಟುವಾಗ ಹಸಿ ಸಾಲದೆ ಇದ್ದಿಲು ಕೊಳೆ ಹೆಚ್ಚುತ್ತದೆ. ಜೋಳ ಬಿದ್ದರೆ ಗಾಳಿಯ ಮೇಲೆ ಹಾಕುವ ಮೊದಲು ಒಂದು ದಂಟು ಸೀಳಿ ನೋಡಿರಿ. ಕಪ್ಪು ಪುಡಿ ಕಂಡರೆ ಆ ಹೊಲದಲ್ಲಿ ಮುಂದಿನ ಹೆಸರಿಗೆ ಈಗಿನಿಂದಲೇ ಸಿದ್ಧತೆ ಬೇಕು.

ನಮ್ಮ ಹಿರಿಯ ರೈತರು ಈ ಬಾರಿ ಬೇರೆ ಹೊಲದ ಬೀಜ ತಂದಿಟ್ಟಿದ್ದಾರೆ. ಗೊಬ್ಬರದ ಗುಡ್ಡೆಗೆ ಗೋಣಿಚೀಲ ಹೊದಿಸಿದ್ದಾರೆ. ನಾಲ್ಕು ಸಾಲನ್ನು ಮಾತ್ರ ಬೀಜೋಪಚಾರ ಇಲ್ಲದೆ ಬಿತ್ತುವೆನೆಂದು ಹೇಳಿದ್ದಾರೆ. “ನೀವು ಹೇಳಿದ್ದು ಖರೆನೋ ಸುಳ್ಳೋ ಆ ನಾಕು ಸಾಲ ಹೇಳ್ತಾವ” ಎಂಬುದು ಅವರ ಮಾತು. ಅದು ನಮಗೂ ಒಪ್ಪಿಗೆಯೇ. ನೀವೂ ಹಾಗೆ ಮಾಡಿರಿ; ನಮ್ಮ ಬರಹಕ್ಕಿಂತ ನಿಮ್ಮ ಹೊಲದ ಸಾಲನ್ನು ನಂಬಿರಿ. ಸಂಶಯ ಬಂದರೆ ಗಿಡ ತೆಗೆದುಕೊಂಡು ಭಾನುವಾರ ಬನ್ನಿರಿ. ಕೊಯ್ದು ಮಾತ್ರ ತರಬೇಡಿ, ಬೇರು ಸಮೇತ ತನ್ನಿರಿ.